ಲಾಟರಿಯ ಹಣ ದಾಸೋಹವಾಗದು





ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ನಮ್ಮ ಮಠದ ಭಕ್ತರೆಲ್ಲರಿಗೂ ತಿಳಿದುದೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಸಂತೋಷಪಡಲಿಲ್ಲ. ನಿತ್ಯದ ಅಳತೆಯನ್ನು ಮೀರಿದ್ದನ್ನು ತಂದಲ್ಲಿಗೇ ಮರಳಿ ಸುರಿದು ಬರುವಂತೆ ಪತಿಗೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಉಳಿದ ಅಲ್ಪ ಅಕ್ಕಿಯಲ್ಲೇ ಅಂದಿನ ದಾಸೋಹ ನಡೆಯಿತು, ಯಾರೂ ಹಸಿದು ಹೋಗಲಿಲ್ಲ.

ಈ ಪ್ರಸಂಗವನ್ನು ನಾವು ಎಷ್ಟೋ ಬಾರಿ ಕೇಳಿದ್ದೇವೆ, ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗಿದ್ದೇವೆ. ಆದರೆ ಅದರೊಳಗಿನ ಒಂದು ಸೂಕ್ಷ್ಮವನ್ನು ಗಮನಿಸಿದವರು ಕಡಿಮೆ. ಮಾರಯ್ಯನು ತಂದ ಅಕ್ಕಿ ಕದ್ದದ್ದಲ್ಲ. ಯಾರ ಬಾಯಿಂದಲೂ ಕಿತ್ತದ್ದಲ್ಲ. ನೆಲಕ್ಕೆ ಬಿದ್ದು ಕಾಲ್ತುಳಿತಕ್ಕೆ ಸಿಕ್ಕಿ ಹಾಳಾಗಲಿದ್ದ ಅಕ್ಕಿ ಅದು. ಅದನ್ನು ಅವನು ಬಯಸಿದ್ದೂ ಸ್ವಂತ ಭೋಗಕ್ಕಲ್ಲ. ಉದ್ದೇಶ ಶುದ್ಧ, ಮೂಲದಲ್ಲಿ ದೋಷವಿಲ್ಲ, ನಷ್ಟ ಯಾರಿಗೂ ಇಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಅಂದಿನ ಶ್ರಮದ ಅಳತೆಗೆ ಮೀರಿ ಬಂದದ್ದು ಎಂಬ ಒಂದೇ ಕಾರಣ ಆಕೆಗೆ ಸಾಕಾಯಿತು.

ಈ ಪ್ರಸಂಗವನ್ನು ಇಂದು ನೆನೆಯಲು ಕಾರಣವಿದೆ. ಇತ್ತೀಚಿನ ದಿನಗಳಲ್ಲಿ ದರ್ಶನಕ್ಕೆ ಬರುವ ಕೆಲವು ಸದ್ಭಕ್ತರ ಬಾಯಲ್ಲಿ ಒಂದು ಹೊಸ ಬಗೆಯ ಹರಕೆ ಕೇಳಿಬರುತ್ತಿದೆ. ಬಂಪರ್ ಬಹುಮಾನ ಬಂದರೆ ಅರ್ಧವನ್ನು ಮಠದ ದಾಸೋಹಕ್ಕೆ ಒಪ್ಪಿಸುತ್ತೇವೆ ಎಂಬುದೇ ಆ ಹರಕೆ. ಪೂಜೆಯ ಕೋಣೆಯಲ್ಲಿ ಟಿಕೆಟ್ಟನ್ನು ವಿಭೂತಿ ಗಟ್ಟಿಯ ಕೆಳಗಿಟ್ಟು ಪೂಜಿಸುವವರೂ ಇದ್ದಾರೆ. ಇಷ್ಟಲಿಂಗವನ್ನು ಹಿಡಿದ ಅಂಗೈಯಲ್ಲೇ ಈ ಕಾಗದವನ್ನೂ ಹಿಡಿದು ಕಣ್ಣು ಮುಚ್ಚುತ್ತಾರೆ. ಇದನ್ನು ಅಜ್ಞಾನವೆಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದಕ್ಕೆ ದಾಸೋಹದ ಹೆಸರನ್ನು ಇಡುತ್ತಿರುವಾಗ ಸುಮ್ಮನಿರುವುದು ತರವಲ್ಲ.

ಲಾಟರಿ ಎಂದರೇನೆಂಬುದನ್ನು ಮೊದಲು ನೋಡೋಣ. ನೆರೆಯ ಕೇರಳದಲ್ಲಿ 1967ರಲ್ಲಿ ಸರ್ಕಾರವೇ ಲಾಟರಿಯನ್ನು ಆರಂಭಿಸಿತು. ಅಂದು ಟಿಕೆಟ್ಟಿನ ಬೆಲೆ 1 ರೂಪಾಯಿ, ಮೊದಲ ಬಹುಮಾನ 50 ಸಾವಿರ ರೂಪಾಯಿ. ಮೊದಲ ಡ್ರಾ ನಡೆದುದು 1968ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ! 2024ರ ಓಣಂ ಬಂಪರ್ ವೇಳೆಗೆ ಟಿಕೆಟ್ಟಿನ ಬೆಲೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ ರೂಪಾಯಿ. ಆ ವರ್ಷ 70 ಲಕ್ಷಕ್ಕೂ ಹೆಚ್ಚು ಟಿಕೆಟ್ಟುಗಳು ಮಾರಾಟವಾದವು. ಮೊದಲ ಬಹುಮಾನ ಬಂದುದು ನಮ್ಮ ಕರ್ನಾಟಕದ ಒಬ್ಬ ಶ್ರಮಜೀವಿಗೆ. ಸುದ್ದಿ ಹರಡಿದ ಮೇಲೆ ನಮ್ಮ ಹಳ್ಳಿಗಳಲ್ಲಿಯೂ ಗಡಿ ದಾಟಿ ಹೋಗಿ ಟಿಕೆಟ್ ತರುವ ಮಾತು ಹೆಚ್ಚಾಯಿತು. ಗೆದ್ದವರ ಬಗ್ಗೆ ನಮಗೆ ಅಸಮಾಧಾನವಿಲ್ಲ, ಅವರಿಗೆ ಒಳಿತಾಗಲಿ. ಆದರೆ ಒಬ್ಬರ ಭಾವಚಿತ್ರ ಪತ್ರಿಕೆಯಲ್ಲಿ ಬಂದಾಗ ಉಳಿದ 70 ಲಕ್ಷ ಜನರ ಭಾವಚಿತ್ರ ಎಲ್ಲಿ ಬಂದಿತು?

ಲೆಕ್ಕವನ್ನು ಮಾರಯ್ಯನ ಅಕ್ಕಿಯಲ್ಲೇ ಮಾಡಿ ನೋಡಬಹುದು. 70 ಲಕ್ಷ ಅಕ್ಕಿಯ ಕಾಳುಗಳೆಂದರೆ ಸುಮಾರು ಒಂದೂವರೆ ಕ್ವಿಂಟಲ್. ಅಷ್ಟು ಅಕ್ಕಿಯನ್ನು ಅಂಗಳದಲ್ಲಿ ಸುರಿದು, ಅದರಲ್ಲಿ ಒಂದೇ ಒಂದು ಕಾಳಿಗೆ ಅರಿಸಿನ ಹಚ್ಚಿ ಬೆರೆಸಿ, ಕಣ್ಣಿಗೆ ಬಟ್ಟೆ ಕಟ್ಟಿ ಒಂದು ಸಲ ಬೆರಳು ಹಾಕಿ ಎತ್ತಿರಿ ಎಂದರೆ ಯಾರಾದರೂ 500 ರೂಪಾಯಿ ಕೊಟ್ಟಾರೆಯೇ? ಟಿಕೆಟ್ಟಿನ ಮೇಲೆ ಬಣ್ಣಬಣ್ಣದ ಚಿತ್ರವಿರುವುದರಿಂದ ಕೊಡುತ್ತಾರೆ. 70 ಲಕ್ಷ ಟಿಕೆಟ್ಟುಗಳ ಒಟ್ಟು ಹಣ 350 ಕೋಟಿ ರೂಪಾಯಿ. ಮೊದಲ ಬಹುಮಾನ ಅದರಲ್ಲಿ ಹದಿನಾಲ್ಕನೆಯ ಒಂದು ಪಾಲು ಮಾತ್ರ. ಆ 25 ಕೋಟಿಯೂ ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಮಾರಿದ ಏಜೆಂಟರ ಕಮಿಷನ್ ಕಳೆದು, ಶೇ 30ರ ಆದಾಯ ತೆರಿಗೆ ಕಳೆದು, ಅದರ ಮೇಲಿನ ಸರ್ಚಾರ್ಜ್, ಸೆಸ್‌ಗಳನ್ನೂ ಕಳೆದರೆ ಉಳಿಯುವುದು ಸುಮಾರು ಅರ್ಧ. ಅರ್ಧದಲ್ಲಿ ಅರ್ಧ ಮಠಕ್ಕೆ ಎಂದು ಹರಕೆ ಹೊತ್ತವರು ಈ ಲೆಕ್ಕವನ್ನು ಎಂದೂ ಮಾಡಿರಲಾರರು.

ಈಗ ಲಕ್ಕಮ್ಮನ ತಕ್ಕಡಿಗೆ ಇದನ್ನು ಹಾಕೋಣ. ಯಾರಿಗೂ ನಷ್ಟವಿಲ್ಲದ, ನೆಲಕ್ಕೆ ಬಿದ್ದ ಅಕ್ಕಿಯನ್ನೇ ಆಕೆ ಮರಳಿಸಿದಳು. ಲಾಟರಿಯ ಹಣವಾದರೋ ಬಿದ್ದು ಸಿಕ್ಕಿದ್ದಲ್ಲ, ಲಕ್ಷಾಂತರ ಜನರ ಸೋಲಿನಿಂದ ಒಟ್ಟುಗೂಡಿದ್ದು. ಒಬ್ಬನು ಗೆಲ್ಲಬೇಕಾದರೆ ಉಳಿದವರೆಲ್ಲರೂ ಸೋಲಲೇಬೇಕು ಎಂಬುದು ಆ ವ್ಯವಸ್ಥೆಯ ಮೂಲ ಸೂತ್ರ. ಕಾಯಕದಲ್ಲಿ ಹಾಗಲ್ಲ. ನೇಯ್ದವನು ಬಟ್ಟೆ ಕೊಡುತ್ತಾನೆ, ಕೊಂಡವನು ಹಣ ಕೊಡುತ್ತಾನೆ, ಇಬ್ಬರಿಗೂ ಬೇಕಾದುದು ದೊರೆಯುತ್ತದೆ. ಲಾಟರಿಯಲ್ಲಿ ಸೋತವನಿಗೆ ದೊರೆಯುವುದು ಹರಿದೆಸೆಯುವ ಕಾಗದ. ಗೆದ್ದವನು ತಾನು ಕಸಿದುಕೊಂಡೆನೆಂದು ಭಾವಿಸುವುದಿಲ್ಲ, ಏಕೆಂದರೆ ಸೋತವರ ಮುಖವನ್ನು ಅವನು ಕಂಡಿಲ್ಲ. ಕಾಣದಿರುವುದರಿಂದಲೇ ಪಾಪವಿಲ್ಲವೆಂದು ತಿಳಿಯುವುದು ನಮ್ಮ ಕಾಲದ ದೊಡ್ಡ ಭ್ರಮೆ.

ಸರ್ಕಾರವೇ ನಡೆಸುವಾಗ ಅದು ಜೂಜು ಹೇಗಾದೀತು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ನ್ಯಾಯಾಲಯದ ಮುಂದೆಯೂ ಬಂದಿತ್ತು. ರಾಜ್ಯ ಸರ್ಕಾರ ನಡೆಸಿದ ಮಾತ್ರಕ್ಕೆ ಲಾಟರಿಯ ಜೂಜಿನ ಸ್ವರೂಪ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1999ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. 1998ರ ಲಾಟರಿ ನಿಯಂತ್ರಣ ಕಾಯ್ದೆ ಇರುವುದೂ ಅದನ್ನು ಹತೋಟಿಯಲ್ಲಿಡಲು. ಸರಕು ಮತ್ತು ಸೇವಾ ತೆರಿಗೆಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಲಾಟರಿಯನ್ನು ಜೂಜು, ಕುದುರೆ ಪಂದ್ಯಗಳ ಸಾಲಿನಲ್ಲೇ ಇರಿಸಿ ಶೇ 40ರ ದರ ವಿಧಿಸಲಾಗಿದೆ. ಕಾನೂನಿಗೆ ಇಲ್ಲದ ಗೊಂದಲ ನಮ್ಮ ಭಕ್ತರಿಗೇಕೆ?

ನಮ್ಮ ರಾಜ್ಯವೂ ಈ ಹಾದಿಯಲ್ಲಿ ನಡೆದು ಬಂದದ್ದೇ. ಕರ್ನಾಟಕ ಸರ್ಕಾರವೇ ಒಂದು ಕಾಲಕ್ಕೆ ಲಾಟರಿ ನಡೆಸುತ್ತಿತ್ತು. ಬಸ್ ನಿಲ್ದಾಣಗಳಲ್ಲಿ ಟಿಕೆಟ್ಟುಗಳನ್ನು ದಾರಕ್ಕೆ ಪೋಣಿಸಿ ತೂಗುಹಾಕಿದ ಅಂಗಡಿಗಳನ್ನು, ಆಮೇಲೆ ಬಂದ ಆನ್‌ಲೈನ್ ಲಾಟರಿಯ ಕೇಂದ್ರಗಳನ್ನು ಹಿರಿಯರು ನೆನಪಿಟ್ಟಿದ್ದಾರೆ. ಕೂಲಿಯವನು ಸಂಜೆ ಕೂಲಿ ಪಡೆದು ಮನೆಗೆ ಹೋಗುವ ದಾರಿಯಲ್ಲೇ ಆ ಅಂಗಡಿಗಳಿದ್ದವು. ಎಷ್ಟೋ ಮನೆಗಳಿಗೆ ಹಿಟ್ಟು, ಎಣ್ಣೆ ತಲುಪುವ ಮುನ್ನವೇ ಹಣ ಕರಗುತ್ತಿತ್ತು. 2007ರಲ್ಲಿ ರಾಜ್ಯದಲ್ಲಿ ಲಾಟರಿಯನ್ನು ನಿಷೇಧಿಸಲಾಯಿತು. ಬೊಕ್ಕಸಕ್ಕೆ ಬರುತ್ತಿದ್ದ ಆದಾಯವನ್ನು ಬಿಟ್ಟು ಕೈಗೊಂಡ ಆ ನಿರ್ಣಯವನ್ನು ಯಾವ ಪಕ್ಷದವರು ಮಾಡಿದರೆಂದು ನೋಡದೆ ಮೆಚ್ಚಬೇಕು. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಆಸೆ ಮುಚ್ಚಲಿಲ್ಲ. ಅಕ್ರಮ ಒಂದಂಕಿ ಲಾಟರಿಯ ಪ್ರಕರಣ 2015ರಲ್ಲಿ ಸಿಬಿಐ ತನಿಖೆಯವರೆಗೆ ಹೋಯಿತು. ಉತ್ತರ ಕರ್ನಾಟಕದ ಊರುಗಳಲ್ಲಿ ಮಟಕಾ ಮತ್ತು ಓಸಿಯ ಚೀಟಿ ಬರೆಯುವುದು ಇಂದಿಗೂ ನಿಂತಿಲ್ಲ. ಬಳಿಕ ಜೇಬಿನೊಳಗಿನ ಮೊಬೈಲೇ ಅಂಗಡಿಯಾಯಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಬೇಕಾಗಿ ಬಂದಿತೆಂದರೆ ರೋಗ ಎಷ್ಟು ಒಳಗೆ ಇಳಿದಿತ್ತೆಂಬುದನ್ನು ಊಹಿಸಿರಿ.

ನಮ್ಮ ಭಾಷೆಯೊಳಗೂ ಇದು ಇಳಿದಿದೆ. ಮಗನಿಗೆ ನೌಕರಿ ಸಿಕ್ಕರೆ ಲಾಟರಿ ಹೊಡೆಯಿತು ಎನ್ನುತ್ತೇವೆ. ಒಳ್ಳೆಯ ಸೊಸೆ ಬಂದರೂ ಲಾಟರಿ, ಮಳೆ ಹದವಾಗಿ ಬಂದರೂ ಲಾಟರಿ! ಹುಡುಗ ಓದಿದ್ದು, ತಾಯಿ ತಂದೆ ಹೊಟ್ಟೆ ಕಟ್ಟಿ ಓದಿಸಿದ್ದು ಎಲ್ಲವೂ ಆ ಒಂದು ಮಾತಿನಲ್ಲಿ ಅಳಿಸಿಹೋಗುತ್ತದೆ. ದುಡಿಮೆಯ ಫಲವನ್ನೂ ಅದೃಷ್ಟವೆಂದು ಕರೆಯುವ ಸಮಾಜ ಕಾಯಕವನ್ನು ಕೈಲಾಸವೆಂದು ಹೇಗೆ ನಂಬೀತು?

ಇನ್ನೊಂದು ವಿಚಾರ. ಟಿಕೆಟ್ ಕೊಳ್ಳುವವರು ವಾರ ನೋಡುತ್ತಾರೆ, ರಾಶಿ ನೋಡುತ್ತಾರೆ, ಕನಸಿನಲ್ಲಿ ಕಂಡ ಅಂಕೆಯನ್ನು ಹುಡುಕುತ್ತಾರೆ, ಬೆಕ್ಕು ಅಡ್ಡ ಬಂದರೆ ಮರಳಿ ಹೋಗಿ ನಾಳೆ ಬರುತ್ತಾರೆ. ತಿಥಿ, ಮುಹೂರ್ತ, ಶಕುನಗಳ ಭಯವನ್ನು ನಮ್ಮ ತಲೆಯಿಂದ ಇಳಿಸಿದವರು ಶರಣರು. ಶಿವನನ್ನು ನೆನೆದ ಗಳಿಗೆಯೇ ಶುಭಗಳಿಗೆಯೆಂದು ಬದುಕಿದವರು ಅವರು. ಅವರ ಹೆಸರು ಹೇಳಿಕೊಂಡು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಅಂಕೆಯ ಶಾಸ್ತ್ರ ಹೇಳುವವರ ಮನೆಯ ಮುಂದೆ ಸಾಲುಗಟ್ಟಿ ನಿಂತರೆ, ಆ ಲಿಂಗದ ಮೇಲಿನ ನಿಷ್ಠೆ ಎಲ್ಲಿ ಹೋಯಿತು?

ಲಾಟರಿಯ ಪರವಾಗಿ ಹೇಳುವ ಮಾತುಗಳಲ್ಲಿ ಒಂದಕ್ಕೆ ಮಾತ್ರ ತೂಕವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕೇರಳದಲ್ಲಿ 2011ರಲ್ಲಿ ಕಾರುಣ್ಯ ಎಂಬ ಹೆಸರಿನ ಲಾಟರಿಯನ್ನು ಆರಂಭಿಸಿ, ಅದರ ಆದಾಯದಿಂದ ಬಡ ರೋಗಿಗಳ ಚಿಕಿತ್ಸೆಗೆ ನೆರವು ನೀಡುವ ನಿಧಿಯನ್ನು ಸ್ಥಾಪಿಸಲಾಯಿತು. ಕ್ಯಾನ್ಸರ್, ಹೃದ್ರೋಗ, ಮೂತ್ರಪಿಂಡದ ಕಾಯಿಲೆಯಿಂದ ಬಳಲುವವರಿಗೆ ಅದು ನೆರವಾಗಿದೆ. ಅಂಗವಿಕಲರು, ವೃದ್ಧರು ಟಿಕೆಟ್ ಮಾರಿ ಹೊಟ್ಟೆ ಹೊರೆದುಕೊಳ್ಳುತ್ತಾರೆ. ಇದೆಲ್ಲ ನಿಜ. ಆದರೆ ಆ ಹಣ ಯಾರ ಜೇಬಿನಿಂದ ಬಂದಿತು? ದಿನವೂ ಟಿಕೆಟ್ ಕೊಳ್ಳುವವನು ಬಂಗಲೆಯವನಲ್ಲ. ಗಾರೆ ಕೆಲಸದವನು, ಆಟೋ ಓಡಿಸುವವನು, ಹೋಟೆಲಿನಲ್ಲಿ ತಟ್ಟೆ ತೊಳೆಯುವವನು. ಒಬ್ಬ ಬಡವನ ಔಷಧಕ್ಕಾಗಿ ಇನ್ನೊಬ್ಬ ಬಡವನ ಆಸೆಯನ್ನು ಕೆರಳಿಸಿ ಹಣ ತೆಗೆಯುವುದು, ತೆಗೆದ ಹಣದ ಬಹುಭಾಗವನ್ನು ಬಹುಮಾನ ಕಮಿಷನ್‌ಗಳಿಗೆ ಹಂಚಿ, ಉಳಿದುದಕ್ಕೆ ಕರುಣೆಯೆಂದು ಹೆಸರಿಡುವುದು ಕರುಣೆಯ ದಾರಿಯಲ್ಲ. ಉಳ್ಳವರಿಂದ ತೆರಿಗೆ ಪಡೆದು ರೋಗಿಗೆ ಔಷಧ ಕೊಡುವುದು ರಾಜಧರ್ಮ. ಟಿಕೆಟ್ ಮಾರುವ ಅಂಗವಿಕಲನಿಗೆ ಸೋಲನ್ನು ಮಾರುವುದಕ್ಕಿಂತ ಉತ್ತಮ ಕಾಯಕವನ್ನು ಒದಗಿಸಲಾರದ ಸಮಾಜ ಅವನ ಹೆಸರಿನಲ್ಲಿ ಲಾಟರಿಯನ್ನು ಸಮರ್ಥಿಸಬಾರದು.

2022ರಲ್ಲಿ ಇದೇ ಓಣಂ ಬಂಪರಿನ 25 ಕೋಟಿ ಗೆದ್ದ ಕೇರಳದ ದುಡಿಮೆಗಾರನೊಬ್ಬ ಕೆಲವೇ ದಿನಗಳಲ್ಲಿ, ಈ ಬಹುಮಾನ ಬಾರದಿದ್ದರೇ ಚೆನ್ನಾಗಿತ್ತೆಂದು ಸಾರ್ವಜನಿಕವಾಗಿ ಅಳಲು ತೋಡಿಕೊಂಡ. ಸಹಾಯ ಬೇಡುವವರು ಮನೆಯ ಮುಂದೆ ಬೆಳಗಿನಿಂದ ನೆರೆಯುತ್ತಿದ್ದರು, ಅವನು ಮನೆಯಲ್ಲಿ ಇರಲಾರದಾದ. ಇದನ್ನು ಓದಿ ಬೇಡುವವರ ಮೇಲೆ ಸಿಟ್ಟಾದವರೇ ಹೆಚ್ಚು. ಆದರೆ ಆ ಜನ ಯಾರು? ಮಗುವಿನ ಶಸ್ತ್ರಚಿಕಿತ್ಸೆಗೆ, ಮಗಳ ಮದುವೆಯ ಸಾಲಕ್ಕೆ ದಾರಿ ಕಾಣದವರು. ನೆರೆಹೊರೆಯಲ್ಲಿ, ಬಂಧುಗಳಲ್ಲಿ, ತಮ್ಮ ತಮ್ಮ ಗುಡಿ ಮಠಗಳಲ್ಲಿ ಅವರಿಗೆ ನೆರವು ದೊರೆತಿದ್ದರೆ ಅಪರಿಚಿತನ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಲಾಟರಿ ಗೆದ್ದವನೊಬ್ಬನೇ ಕೊಡಬಲ್ಲವನೆಂದು ಅವರಿಗೆ ಕಲಿಸಿದವರು ಕೊಡಬಲ್ಲವರಾಗಿದ್ದೂ ಕೊಡದ ನಾವೇ ಅಲ್ಲವೇ?

ಹರಕೆಯ ನಿಜವಾದ ದೋಷ ಇಲ್ಲಿದೆ. ಬಂದರೆ ಕೊಡುತ್ತೇನೆ ಎಂಬ ಮಾತಿನೊಳಗೆ ಈಗ ಕೊಡುವುದಿಲ್ಲ ಎಂಬ ಮಾತು ಅಡಗಿದೆ. ಇಂದು ಜೇಬಿನಲ್ಲಿರುವ 500 ರೂಪಾಯಿ ಟಿಕೆಟ್ಟಿಗೆ ಹೋಗುತ್ತದೆ, ನಾಳೆ ಬರಲಿರುವ ಕೋಟಿ ದಾಸೋಹಕ್ಕೆ ಮೀಸಲಾಗುತ್ತದೆ. ಇರುವ ಹಣ ಜೂಜಿಗೆ, ಇಲ್ಲದ ಹಣ ಶಿವನಿಗೆ! ಇಂತಹ ಚೌಕಾಸಿಯನ್ನು ಸಂತೆಯ ವ್ಯಾಪಾರಿಯೂ ಒಪ್ಪಲಾರ. ನಾಳೆಗೆಂದು ಕೂಡಿಡುವುದನ್ನೇ ಬಸವಣ್ಣನವರು ಒಪ್ಪಲಿಲ್ಲ. ನಾಳೆಯ ಹಣವನ್ನು ಇಂದೇ ಅರ್ಪಿಸಿ ಪುಣ್ಯ ಕಟ್ಟಿಕೊಳ್ಳುವ ಈ ಜಾಣ್ಮೆಯನ್ನು ಏನೆನ್ನುತ್ತಿದ್ದರೋ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತಾನು ಬೆವರು ಸುರಿಸಿ ಗಳಿಸಿದುದನ್ನು ತನ್ನದಲ್ಲವೆಂದು ತಿಳಿದು ಒಪ್ಪಿಸುವುದು ಅದು. ಬೆವರೇ ಇಲ್ಲದ ಹಣದಲ್ಲಿ ಒಪ್ಪಿಸಲು ಏನಿದೆ? ಮೋಳಿಗೆಯ ಮಾರಯ್ಯನ ಕಥೆ ಇದನ್ನೇ ಹೇಳುತ್ತದೆ. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು, ಪತ್ನಿ ಮಹಾದೇವಿಯೊಡನೆ ಕಟ್ಟಿಗೆಯ ಹೊರೆ ಮಾರಿ ದಾಸೋಹ ನಡೆಸುತ್ತಿದ್ದ ಶರಣನ ಬಡತನವನ್ನು ಕಂಡು, ಬಸವಣ್ಣನವರೇ ಅವರ ಮನೆಯಲ್ಲಿ ಹೊನ್ನಿನ ಗಂಟನ್ನು ಗುಟ್ಟಾಗಿ ಇರಿಸಿ ಬಂದರಂತೆ. ಕೊಟ್ಟವರು ಬಸವಣ್ಣ, ಕೊಟ್ಟದ್ದು ಪ್ರೀತಿಯಿಂದ. ಆದರೂ ಮಾರಯ್ಯ ಅದನ್ನು ತನ್ನದಾಗಿ ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿ ಮರುದಿನ ಎಂದಿನಂತೆ ಕಟ್ಟಿಗೆಗೆ ಹೊರಟ. ಕಸಗುಡಿಸುವ ಕಾಯಕದ ಸತ್ಯಕ್ಕನಂತೂ ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟೆನೆಂದು ಶಿವನ ಮೇಲೆ ಆಣೆಯಿಟ್ಟವಳು. ಇವರು ಹೊನ್ನಿನ ಬೆಲೆ ತಿಳಿಯದ ಮುಗ್ಧರಲ್ಲ. ಹಸಿವನ್ನು ಕಂಡವರು, ದುಡಿಯದೆ ಬಂದ ಹೊನ್ನು ಮನೆಯೊಳಗೆ ಬಂದರೆ ಮೊದಲು ಹೊರಹೋಗುವುದು ಕಾಯಕವೆಂಬುದನ್ನು ಅರಿತವರು.

ಕೊಡುವುದರಲ್ಲಿ ನಾವು ತೋರುವ ಜಿಪುಣತನವನ್ನೂ ಇಲ್ಲಿಯೇ ಹೇಳಿಬಿಡಬೇಕು. ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ತಾಯಿ ಮಗುವಿನ ಔಷಧಕ್ಕೆ 200 ರೂಪಾಯಿ ಕೇಳಿದರೆ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಚೀಟಿ ತೋರಿಸು, ಗಂಡನೇನು ಮಾಡುತ್ತಾನೆ, ಸರ್ಕಾರಿ ಕಾರ್ಡು ಇಲ್ಲವೇ, ನಿಜವಾಗಿ ಔಷಧಕ್ಕೇ ಹೋಗುತ್ತದೆಯೇ? ಟಿಕೆಟ್ ಮಾರುವವನಿಗೆ 500 ರೂಪಾಯಿ ಕೊಡುವಾಗ ಒಂದು ಪ್ರಶ್ನೆಯೂ ಇಲ್ಲ. ಬಡವರ ಕೈಗೆ ಹಣ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆಂದು ಹೇಳುವವರು ತಮ್ಮ ಮನೆಯ ಮದುವೆಯಲ್ಲಿ ತಟ್ಟೆಯಲ್ಲುಳಿದು ಚೆಲ್ಲಿದ ಅನ್ನದ ಲೆಕ್ಕ ಇಟ್ಟಿದ್ದಾರೆಯೇ? ಒಬ್ಬಿಬ್ಬರು ಮೋಸಗಾರರು ಇರಬಹುದು. ಅವರ ನೆಪದಲ್ಲಿ ನೂರು ಜನ ನಿಜವಾಗಿ ನೊಂದವರಿಗೆ ಬಾಗಿಲು ಹಾಕುವುದು ಲೋಭವೇ ಹೊರತು ವಿವೇಕವಲ್ಲ.

ದಿನಕ್ಕೆ 50 ರೂಪಾಯಿಯ ಒಂದು ಟಿಕೆಟ್ ಕೊಳ್ಳುವವನು ವರ್ಷಕ್ಕೆ 18,250 ರೂಪಾಯಿ ಕಳೆಯುತ್ತಾನೆ. ಆ ಹಣದಲ್ಲಿ ಹಳ್ಳಿಯ ಒಬ್ಬ ಬಾಲಕಿಯ ವರ್ಷದ ಪುಸ್ತಕ, ಬಟ್ಟೆ, ಬಸ್ ಪಾಸು ಆಗಿ ಇನ್ನೂ ಮಿಗುತ್ತದೆ. ಲಕ್ಷಾಧೀಶನಾಗಿಯೇ ಕೊಡಬೇಕೆಂಬುದು ಶರಣರ ಮಾರ್ಗವಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸುಮಾರು 10 ಸಾವಿರ ಮಕ್ಕಳಿಗೆ ಜಾತಿ ಮತ ನೋಡದೆ ಅನ್ನ, ಆಶ್ರಯ, ವಿದ್ಯೆ ಒದಗಿಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು, ಆ ದಿನವನ್ನು ನಾಡು ದಾಸೋಹ ದಿನವಾಗಿ ಆಚರಿಸುತ್ತಿದೆ. ಆ ದೊಡ್ಡ ಒಲೆ ಯಾವ ಬಂಪರ್ ಬಹುಮಾನದಿಂದಲೂ ಉರಿಯಲಿಲ್ಲ. ರೈತರು ಹೊತ್ತು ತಂದ ರಾಗಿ, ತೆಂಗಿನಕಾಯಿ, ಬೇಳೆ, ತರಕಾರಿಯಿಂದ ಉರಿಯಿತು. ಕೊಟ್ಟವರಲ್ಲಿ ಬಹುಪಾಲು ಜನರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇಳಕಲ್ಲಿನ ಲಿಂಗೈಕ್ಯ ಶ್ರೀ ಮಹಾಂತ ಸ್ವಾಮೀಜಿಯವರು ಹಿಡಿದ ಜೋಳಿಗೆಯನ್ನೂ ನೆನೆಯಬೇಕು. ಅವರು ಮನೆಮನೆಗೆ ಹೋಗಿ ಬೇಡಿದ್ದು ಜೋಳವನ್ನಲ್ಲ. ನಿಮ್ಮ ಕುಡಿತವನ್ನು, ತಂಬಾಕನ್ನು, ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿದೆ. ಆ ಜೋಳಿಗೆಯಲ್ಲಿ ಲಾಟರಿ ಟಿಕೆಟ್ಟಿಗೂ ಓಸಿ ಚೀಟಿಗೂ ಸ್ಥಳವಿದೆ. ಹರಕೆ ಹೊರುವವರು ಬಹುಮಾನದ ಅರ್ಧವನ್ನಲ್ಲ, ಟಿಕೆಟ್ಟನ್ನೇ ಪೂರ್ತಿಯಾಗಿ ಒಪ್ಪಿಸಲಿ.

ಭಕ್ತರಿಗೆ ಮಾತ್ರ ಹೇಳಿ ಮಠ ಮಂದಿರಗಳನ್ನು ಬಿಟ್ಟರೆ ಈ ಬರಹ ಅರ್ಧಸತ್ಯವಾದೀತು. ಜಾತ್ರೆ, ಉತ್ಸವಗಳ ಖರ್ಚಿಗೆಂದು ಲಕ್ಕಿ ಡ್ರಾ ಕೂಪನ್ ಪುಸ್ತಕಗಳನ್ನು ಅಚ್ಚು ಹಾಕಿಸುವ ಪದ್ಧತಿ ಹಲವೆಡೆ ಬಂದಿದೆ. ಮೊದಲ ಬಹುಮಾನ ಬೈಕು, ಎರಡನೆಯದು ಫ್ರಿಜ್ಜು, ಸಮಾಧಾನಕರ ಬಹುಮಾನ ಕುಕ್ಕರು. ಶಾಲೆಯ ಮಕ್ಕಳ ಕೈಯಲ್ಲಿ ಆ ಪುಸ್ತಕ ಕೊಟ್ಟು ಬೀದಿಬೀದಿ ಮಾರಿಸುತ್ತಾರೆ. ಧರ್ಮಕಾರ್ಯಕ್ಕೆ ತಾನೇ ಎಂದು ಯಾರೂ ಆಕ್ಷೇಪಿಸುವುದಿಲ್ಲ. ಆ ಮಗು ಕಲಿತದ್ದೇನು? ಸುಮ್ಮನೆ ಕೇಳಿದರೆ ಜನ ಕೊಡುವುದಿಲ್ಲ, ಬೈಕಿನ ಆಸೆ ತೋರಿಸಿದರೆ ಕೊಡುತ್ತಾರೆ ಎಂದು. (ಊರಿನ ಹತ್ತು ಜನ ನಂಬಿಕಸ್ಥರು ಸೇರಿ ತಿಂಗಳು ತಿಂಗಳು ಹಾಕುವ ಚೀಟಿಯನ್ನು ಇದರೊಡನೆ ಸೇರಿಸಬೇಡಿ. ಅದರಲ್ಲಿ ಪ್ರತಿಯೊಬ್ಬನಿಗೂ ತನ್ನ ಸರದಿ ಬರುತ್ತದೆ.) ದಾಸೋಹದ ಹೆಸರಿನಲ್ಲಿ ಜೂಜನ್ನು ಕಲಿಸುವ ಪೀಠಕ್ಕೆ ಲಾಟರಿಯ ಅಂಗಡಿಯವನನ್ನು ನಿಂದಿಸುವ ಅಧಿಕಾರವಿಲ್ಲ. ಹಣ ಸಾಲದಿದ್ದರೆ ಉತ್ಸವ ಚಿಕ್ಕದಾಗಲಿ, ಆರ್ಕೆಸ್ಟ್ರಾ ಬೇಡ, ಪೆಂಡಾಲಿನ ದೀಪಗಳು ಕಡಿಮೆಯಾಗಲಿ.

ಆದ್ದರಿಂದ ಸದ್ಭಕ್ತರಲ್ಲಿ ವಿನಂತಿ. ಮುಂಬರುವ ಜಾತ್ರೆಗೆಂದು ಯಾರಾದರೂ ಮಠದ ಹೆಸರಿನಲ್ಲಿ ಲಕ್ಕಿ ಡ್ರಾ ಪುಸ್ತಕ ತಂದರೆ ಕೊಳ್ಳದೆ ಹಿಂದಿರುಗಿಸಿರಿ, ಸಂಜೆಯೊಳಗೆ ಮಠಕ್ಕೆ ತಿಳಿಸಿರಿ. ದಾಸೋಹದ ಉಗ್ರಾಣ ಬೆಳಗಿನಿಂದ ರಾತ್ರಿಯವರೆಗೂ ತೆರೆದಿರುತ್ತದೆ. ಸೇರು ಅಕ್ಕಿಯಾದರೂ ಸರಿ, ಹಿಡಿ ಉಪ್ಪಾದರೂ ಸರಿ, ಅದೂ ಆಗದಿದ್ದರೆ ಒಂದು ಹೊತ್ತು ಬಂದು ತರಕಾರಿ ಹೆಚ್ಚಿ ಕೊಟ್ಟು ಹೋದರೂ ಸರಿ.